ಮಕ್ಕಳ ತೋಟವನ್ನು ಹೂಡಿದ ಫ್ರೋಬೆಲನ ಚರಿತ್ರೆ

ಈಗಿನ ಕಾಲದಲ್ಲಿ ನಮ್ಮ ಹಳ್ಳಿಗಳ ತಾಯಂದಿರೂ ಎಲ್.ಕೆ.ಜಿ., ಯು.ಕೆ.ಜಿ. ಎಂಬ ಮಾತುಗಳನ್ನು ನಿತ್ಯವೂ ಆಡುತ್ತಾರೆ. ಅವುಗಳ ನಡುವಣ ಅಕ್ಷರವು ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಶಬ್ದದ ಮೊದಲಕ್ಷರವೆಂದೂ, ಮಕ್ಕಳ ತೋಟವೆಂಬದೇ ಅದರ ಅರ್ಥವೆಂದೂ ಬಲ್ಲವರು ಕೊಂಚ. ಆ ಹೆಸರನ್ನಿಟ್ಟ ಫ್ರೀಡ್ರಿಖ್ ಫ್ರೋಬೆಲನು ಚಿಕ್ಕಂದಿನಿಂದ ಉಪಾಧ್ಯಾಯನಾಗಬೇಕೆಂದು ಆಶಿಸಿದವನಲ್ಲ. ಮಕ್ಕಳ ಕೆಲಸವು ತನಗೆ ತಕ್ಕದ್ದೋ ಅಲ್ಲವೋ ಎಂಬ ಪ್ರಶ್ನೆಯನ್ನು ಹೊತ್ತುಕೊಂಡು ಹನ್ನೊಂದು ವರ್ಷ ಅಲೆದವನು. ಶಾಲೆಯಲ್ಲಿಯೋ ಅಂಗನವಾಡಿಯಲ್ಲಿಯೋ ಕೆಲಸಕ್ಕೆ ಸೇರೋಣವೇ ಎಂದು ಯೋಚಿಸುತ್ತಿರುವ ಯೌವನಸ್ಥರು ನಮ್ಮ ಸಭೆಗಳಲ್ಲಿ ಅನೇಕರಿರುವದರಿಂದ ಅವನ ವೃತ್ತಾಂತವನ್ನು ಇಲ್ಲಿ ಬರೆಯುತ್ತೇವೆ.

ಅವನು 1782ನೇ ಇಸವಿ ಎಪ್ರಿಲ್ 21ರಂದು ಜರ್ಮನಿ ದೇಶದ ತುರಿಂಗಿಯ ಸೀಮೆಯ ಕಾಡಿನ ಮಧ್ಯದಲ್ಲಿರುವ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ಲೂಥರನ್ ಸಭೆಯ ಪಾದ್ರಿ. ಕೂಸಿಗೆ ಒಂಭತ್ತು ತಿಂಗಳಾದಾಗ ತಾಯಿ ತೀರಿಕೊಂಡಳು. ಮನೆಗೆ ಬಂದ ಮಲತಾಯಿಯು ಮೊದಮೊದಲು ಅವನನ್ನು ಪ್ರೀತಿಸಿದಳು. ತನಗೊಬ್ಬ ಮಗನು ಹುಟ್ಟಿದ ಮೇಲಾದರೋ ಸಲಿಗೆಯ ಮಾತನ್ನು ಬಿಟ್ಟು, ಪರರೊಡನೆ ಆಡುವ ರೀತಿಯಲ್ಲಿ ಅವನೊಡನೆ ಮಾತಾಡತೊಡಗಿದಳು. ಹೊಡೆತಕ್ಕಿಂತಲೂ ಈ ಮಾತಿನ ಬದಲಾವಣೆಯೇ ಆ ಮಗುವಿನ ಮನಸ್ಸಿನಲ್ಲಿ ಹೆಚ್ಚಾಗಿ ನಾಟಿತು; ಮುದುಕನಾಗುವ ವರೆಗೂ ಅವನು ಇದನ್ನು ಮರೆಯಲಿಲ್ಲ. ತಂದೆಗೆ ದೊಡ್ಡ ಸಭೆಯ ಕೆಲಸ. ಈ ಮಗನು ಮಂದಬುದ್ಧಿಯವನೆಂದು ಅವನು ಎಣಿಸಿಬಿಟ್ಟನು. ಹತ್ತು ವರ್ಷದವನಾದಾಗ ಸೋದರಮಾವನು ಹುಡುಗನನ್ನು ತನ್ನ ಮನೆಗೆ ಕರೆದುಕೊಂಡು ಹೋದನು. ಅಲ್ಲಿ ಮೊದಲ ಸಾರಿ ಅವನಿಗೆ ಆಟವೂ ಗೆಳೆಯರೂ ಒಳ್ಳೆಯ ಮಾತೂ ದೊರೆತವು.

ಅನಂತರದ ವರುಷಗಳನ್ನು ಬೇಗನೆ ಹೇಳಿಬಿಡುತ್ತೇವೆ. ಎರಡು ವರ್ಷ ಅರಣ್ಯಾಧಿಕಾರಿಯೊಬ್ಬನ ಬಳಿಯಲ್ಲಿ ಕೆಲಸ ಕಲಿತನು. 1799ರಲ್ಲಿ ಯೇನಾ ಪಟ್ಟಣದ ವಿಶ್ವವಿದ್ಯಾಲಯಕ್ಕೆ ಹೋಗಿ, ಸಾಲಮಾಡಿ ತೀರಿಸಲಾರದೆ ಅಲ್ಲಿನ ಸೆರೆಯಲ್ಲಿ ಒಂಭತ್ತು ವಾರ ಕುಳಿತನು. ಹಣದ ವಿಷಯದಲ್ಲಿ ಅವನ ಅಜಾಗರೂಕತೆಯು ಆಗಲೇ ತೋರಿಬಂತು. ಕಡೆಯ ವರೆಗೂ ಅದು ಅವನನ್ನು ಬಿಡಲಿಲ್ಲವೆಂಬದನ್ನು ಮರೆಮಾಚುವದು ನಮಗೆ ಸರಿಕಾಣದು. ಬಳಿಕ ಗುಮಾಸ್ತನಾಗಿ, ಭೂಮಿಯನ್ನು ಅಳೆಯುವವನಾಗಿ, ಜಮೀನ್ದಾರರ ಲೆಕ್ಕ ಬರೆಯುವವನಾಗಿ ಊರೂರು ತಿರುಗಿದನು.

1805ರಲ್ಲಿ ಸೋದರಮಾವನು ಬಿಟ್ಟುಹೋದ ಹಣವು ಕೈಗೆ ಬಂದಾಗ, ಕಟ್ಟಡ ಕಟ್ಟುವ ವಿದ್ಯೆಯನ್ನು ಕಲಿಯಬೇಕೆಂದು ಫ್ರಾಂಕ್‌ಫರ್ಟ್ ಪಟ್ಟಣಕ್ಕೆ ಹೋದನು. ಅಲ್ಲಿ ಮಾದರಿ ಶಾಲೆಯ ಮುಖ್ಯಸ್ಥನಾದ ಗ್ರೂನರ್ ಎಂಬವನ ಪರಿಚಯವಾಯಿತು. ಇವನು ಸ್ವಿಸ್ ದೇಶದ ಪ್ರಸಿದ್ಧ ಗುರುವಾದ ಪೆಸ್ಟಾಲಜಿಯ ಶಿಷ್ಯನು. ಫ್ರೋಬೆಲನ ಮಾತುಗಳನ್ನು ಕೆಲವು ದಿವಸ ಕೇಳಿದ ಮೇಲೆ, ಅವನು ಕಟ್ಟಡಗಳನ್ನು ಬಿಟ್ಟು ಶಾಲೆಗೆ ಬರಬೇಕೆಂದು ಗ್ರೂನರನು ಕರೆದನು. ಫ್ರೋಬೆಲನು ಹಿಂದೆಮುಂದೆ ನೋಡಿದನು. ಅಷ್ಟರಲ್ಲಿ ಅವನ ಯೋಗ್ಯತಾಪತ್ರಗಳೆಲ್ಲವು ಕಳೆದುಹೋದವೆಂಬ ಸುದ್ದಿಯು ಬಂತು. ಹಿಂದಿನ ಸೇತುವೆಯನ್ನು ದೇವರೇ ಮುರಿದನೆಂದು ತಿಳಿದು, ಅವನು ಒಪ್ಪಿಕೊಂಡನು.

ಒಂಭತ್ತರಿಂದ ಹನ್ನೊಂದು ವರ್ಷದೊಳಗಿನ ಮೂವತ್ತು ನಾಲ್ವತ್ತು ಹುಡುಗರ ಮುಂದೆ ಅವನು ಮೊದಲ ಸಾರಿ ನಿಂತ ದಿನದಲ್ಲಿ ಆಶ್ಚರ್ಯವಾದ ಸಂಗತಿ ನಡೆಯಿತು. ಹೊಸಬರಿಗೆ ಇರುವ ನಡುಕ ಅವನಿಗೆ ಉಂಟಾಗಲಿಲ್ಲ. ಬಹುಕಾಲದಿಂದ ಹುಡುಕುತ್ತಿದ್ದದ್ದು ಸಿಕ್ಕಿತೆಂದೂ, ನೀರಿಗೆ ಬಿಟ್ಟ ಮೀನಿನಂತೆ ತಾನು ಸುಖವಾಗಿರುವೆನೆಂದೂ ಅಣ್ಣನಾದ ಕ್ರಿಸ್ಟಾಫನಿಗೆ ಬರೆದನು.

ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಕತೆಗಾರರು ಇಲ್ಲಿಗೇ ಮುಗಿಸಿ, ಅವನು ತನ್ನ ಕೆಲಸವನ್ನು ಕಂಡುಕೊಂಡನೆಂದು ಹೇಳಿಬಿಡುವರು. ಫ್ರೋಬೆಲನು ಹಾಗೆ ಎಣಿಸಲಿಲ್ಲ. ಮಕ್ಕಳ ನಡುವೆ ತನಗೆ ಸಂತೋಷವಾಗುತ್ತದೆಂಬದು ಒಂದು. ತನ್ನಿಂದ ಮಕ್ಕಳಿಗೆ ಪ್ರಯೋಜನವಾಗುತ್ತದೋ ಎಂಬದು ಇನ್ನೊಂದು. ಮೊದಲನೆಯದನ್ನು ಒಂದು ದಿವಸದಲ್ಲಿ ತಿಳಿಯಬಹುದು, ಎರಡನೆಯದಕ್ಕೆ ವರುಷಗಳು ಬೇಕು. ಅವನು ಶಾಲೆಯಲ್ಲಿ ಲೆಕ್ಕವನ್ನೂ ಚಿತ್ರವನ್ನೂ ಭೂಗೋಳವನ್ನೂ ಕಲಿಸುತ್ತಾ, ತನ್ನ ಅರಿವು ಎಷ್ಟು ಅಲ್ಪವೆಂಬದನ್ನು ಕಂಡು ನಾಚಿಕೊಂಡನು. ಸುಮಾರು ಎರಡು ವರ್ಷಗಳಲ್ಲಿ ಆ ಶಾಲೆಯನ್ನು ಬಿಟ್ಟು, ಹೋಲ್ಟ್ಸ್‌ಹೌಸನ್ ಎಂಬ ಮನೆತನದ ಮೂವರು ಹುಡುಗರಿಗೆ ಗುರುವಾಗಿ ಊರಹೊರಗೆ ಅವರೊಡನೆ ವಾಸಮಾಡಿದನು. ಹುಡುಗರಿಗೆ ತೋಟ ಮಾಡಲಿಕ್ಕೆ ಒಂದು ತುಂಡು ನೆಲವು ದೊರೆಯಿತು. ತಾವು ಬೆಳೆದ ಹೂವನ್ನೂ ಕಾಯಿಯನ್ನೂ ತಂದೆತಾಯಿಗಳಿಗೆ ಕೊಡುವಾಗ ಆ ಮಕ್ಕಳ ಮುಖ ಹೇಗಾಗುತ್ತಿತ್ತೆಂಬದನ್ನು ಅವನು ಗಮನಿಸಿಕೊಂಡನು.

1808ರಲ್ಲಿ ಆ ಹುಡುಗರನ್ನು ಕರೆದುಕೊಂಡು ಪೆಸ್ಟಾಲಜಿಯ ಇವರ್ಡನ್ ಶಾಲೆಗೆ ಹೋಗಿ ಎರಡು ವರ್ಷ ಇದ್ದನು. ಅಲ್ಲಿ ಹಗಲೆಲ್ಲಾ ಶಿಷ್ಯನಾಗಿಯೂ ಗುರುವಾಗಿಯೂ ದುಡಿದನು. ಆ ಮುದುಕನ ಪ್ರೀತಿಯನ್ನು ಕಂಡು ಅವನ ಮನಸ್ಸು ಕರಗಿತು. ಆದರೆ ಉಪಾಧ್ಯಾಯರೊಳಗೆ ಜಗಳವಿತ್ತು, ಪಾಠಗಳಿಗೆ ಒಂದಕ್ಕೊಂದು ಸಂಬಂಧವಿರಲಿಲ್ಲ. ಒಳ್ಳೇ ಮನಸ್ಸಿನಿಂದ ಮಾತ್ರವೇ ಶಾಲೆಯು ನಡೆಯದೆಂದು ತಿಳಿದುಕೊಂಡು ಹಿಂತಿರುಗಿದನು. ಆ ಮೇಲೆ ತನ್ನ ಕೊರತೆಯನ್ನು ತುಂಬಿಸಿಕೊಳ್ಳಬೇಕೆಂದು, ಇಪ್ಪತ್ತೊಂಭತ್ತನೆಯ ವಯಸ್ಸಿನಲ್ಲಿ ಪುನಃ ವಿದ್ಯಾರ್ಥಿಯಾಗಿ, 1811ರಲ್ಲಿ ಗೋಟಿಂಗನ್ ಪಟ್ಟಣಕ್ಕೂ ಮರುವರ್ಷ ಬರ್ಲಿನಿಗೂ ಹೋಗಿ ಕಲ್ಲು ಸ್ಫಟಿಕಗಳ ಶಾಸ್ತ್ರವನ್ನು ಓದಿದನು. 1813ರಲ್ಲಿ ನೆಪೋಲಿಯನನ ಮೇಲೆ ಯುದ್ಧವಾದಾಗ ಸ್ವಇಚ್ಛೆಯಿಂದ ದಂಡಿಗೆ ಸೇರಿದನು. ಯಾಕಂದರೆ ತಾನು ಕಾಪಾಡದ ದೇಶದ ಮಕ್ಕಳ ಮುಂದೆ ಗುರುವಾಗಿ ನಿಲ್ಲುವದು ಹೇಗೆಂದು ಅವನಿಗೆ ತೋರಿತು. ಆ ದಂಡಿನಲ್ಲಿಯೇ ಲಾಂಗೆಥಾಲ್, ಮಿಡ್ಡೆನ್‌ಡಾರ್ಫ್ ಎಂಬ ಇಬ್ಬರು ಆಜೀವ ಮಿತ್ರರು ದೊರೆತರು.

ಯುದ್ಧ ಮುಗಿದ ಮೇಲೆ ಬರ್ಲಿನಿನ ಖನಿಜ ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಸಂಬಳವೂ ಮರ್ಯಾದೆಯೂ ಇದ್ದವು. ಸ್ಟಾಕ್‌ಹೋಮಿನಿಂದಲೂ ಕರೆ ಬಂತು. ಆದರೆ 1813ರಲ್ಲೇ ಅವನ ಅಣ್ಣ ಕ್ರಿಸ್ಟಾಫನು ಗ್ರೀಸ್‌ಹೈಮ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದು, ರೋಗಿಗಳಾದ ಸಿಪಾಯಿಗಳ ಆರೈಕೆ ಮಾಡುತ್ತಾ ಅದೇ ಜ್ವರದಿಂದ ಸತ್ತಿದ್ದನು. ಮೂವರು ಗಂಡುಮಕ್ಕಳಿಗೆ ವಿದ್ಯೆ ಕಲಿಸುವದು ಹೇಗೆಂದು ವಿಧವೆಯಾದ ಅತ್ತಿಗೆಯು ಮೈದುನನನ್ನು ಕೇಳಿದಳು. ಅವನು ಎರಡೂ ಉದ್ಯೋಗಗಳನ್ನು ಬಿಟ್ಟು, 1816ರ ನವೆಂಬರಿನಲ್ಲಿ ಗ್ರೀಸ್‌ಹೈಮಿಗೆ ಬಂದು, ಆ ಮೂವರನ್ನೂ ಇನ್ನೊಬ್ಬ ಅಣ್ಣನ ಇಬ್ಬರು ಮಕ್ಕಳನ್ನೂ ಕೂಡಿಸಿಕೊಂಡು ಶಾಲೆಯನ್ನು ಆರಂಭಿಸಿದನು. ಆಗ ಅವನಿಗೆ ಮೂವತ್ತನಾಲ್ಕು ವರ್ಷ. ಹಿಂದೆ ಅವನು ತನ್ನ ಸಂತೋಷವನ್ನು ನೋಡಿ ಹೌದೆಂದಿದ್ದನು. ಈಗ ಐದು ಮಕ್ಕಳ ಅಗತ್ಯವನ್ನು ನೋಡಿ ಹೌದೆಂದನು.

ಮರುವರ್ಷ ಶಾಲೆಯು ಕೈಲ್ಹೌ ಎಂಬ ಹಳ್ಳಿಗೆ ಹೋಯಿತು. 1818ರಲ್ಲಿ ಅವನು ಮದುವೆಯಾದ ವಿಲ್ಹೆಲ್ಮೀನಳು ಬರ್ಲಿನಿನ ದೊಡ್ಡ ಮನೆಯವಳಾದರೂ ಹಳ್ಳಿಯ ಬಡತನವನ್ನು ಗೊಣಗದೆ ಸಹಿಸಿದಳು. ಅವರಿಗೆ ಮಕ್ಕಳಾಗಲಿಲ್ಲ. ಶಾಲೆಯು ಕೆಲವು ವರುಷ ಚೆನ್ನಾಗಿ ಬೆಳೆದು, ಬಳಿಕ ಸರಕಾರದ ಸಂದೇಹದಿಂದಲೂ ಅವನ ಸ್ವಂತ ಹಟದಿಂದಲೂ ಕುಗ್ಗಿ, 1829ರಲ್ಲಿ ಬೆರಳಲ್ಲಿ ಎಣಿಸುವಷ್ಟು ಹುಡುಗರು ಮಾತ್ರ ಉಳಿದರು. ಮಕ್ಕಳೊಡನೆ ಅಷ್ಟು ತಾಳ್ಮೆಯಿದ್ದವನಿಗೆ ದೊಡ್ಡವರೊಡನೆ ಅದು ಸಾಲದೆ ಹೋಯಿತು.

ಸ್ವಿಸ್ ದೇಶಕ್ಕೆ ಹೋಗಿ 1835ರಲ್ಲಿ ಬುರ್ಗ್‌ಡಾರ್ಫ್ ಪಟ್ಟಣದ ಅನಾಥಶಾಲೆಯನ್ನು ನೋಡಿಕೊಳ್ಳುವಾಗ, ಶಾಲೆಗೆ ಬರುವ ಮೊದಲೇ ಮಕ್ಕಳಲ್ಲಿ ಬಹಳ ಕೆಟ್ಟುಹೋಗಿರುತ್ತದೆಂದು ಅವನಿಗೆ ಗೊತ್ತಾಯಿತು. ಆದದರಿಂದ ಜರ್ಮನಿಗೆ ಹಿಂತಿರುಗಿ, 1837ರಲ್ಲಿ ಬ್ಲಾಂಕೆನ್‌ಬುರ್ಗಿನಲ್ಲಿ ಬಹು ಚಿಕ್ಕ ಮಕ್ಕಳಿಗೋಸ್ಕರ ಕೆಲಸ ತೊಡಗಿದನು. ನೂಲಿನ ಬಣ್ಣದ ಚೆಂಡುಗಳು, ಮರದ ಗುಂಡು, ಉರುಳೆ, ಚೌಕಟ್ಟಾದ ಘನ, ಎಂಟು ತುಂಡಾಗಿ ಬಿಚ್ಚುವ ಇನ್ನೊಂದು ಘನ, ಇವೇ ಅವನ ಪಾಠಪುಸ್ತಕಗಳು. ಮಿತ್ರರೊಡನೆ ಗುಡ್ಡದ ದಾರಿಯಲ್ಲಿ ನಡೆಯುವಾಗ ಮಕ್ಕಳ ತೋಟವೆಂಬ ಹೆಸರು ಹೊಳೆಯಿತು. 1840ರ ಜೂನ್ 28ರಂದು ಆ ಹೆಸರು ಊರ್ಜಿತವಾಯಿತು. ಮಕ್ಕಳನ್ನು ನೋಡಿಕೊಳ್ಳುವದು ಸ್ತ್ರೀಯರಿಗೆ ಕಲಿಸತಕ್ಕ ಒಂದು ವೃತ್ತಿಯೆಂದು ಹೇಳಿ, ಯುವತಿಯರಿಗೆ ತರಬೇತಿನ ಶಾಲೆಯನ್ನೂ ತೆರೆದನು. ಇಂದು ಸೀರೆಯ ಸೆರಗು ಬಿಗಿದು ನಮ್ಮ ಪುಟ್ಟ ಮಕ್ಕಳ ಕೈಹಿಡಿದು ಕುಣಿಸುವ ಟೀಚರಮ್ಮಂದಿರು ಅವನ ಸಾಲಿನವರೇ.

1849ರಲ್ಲಿ ಲೀಬೆನ್‌ಸ್ಟೈನ್ ಎಂಬ ಊರಲ್ಲಿ, ಹಳ್ಳಿಯ ಮಕ್ಕಳೊಡನೆ ಹಾಡುತ್ತಾ ಓಡುವ ಈ ನರೆಗೂದಲಿನವನನ್ನು ಜನರು ಮುದಿ ಹುಚ್ಚನೆಂದು ಕರೆಯುತ್ತಿದ್ದರು. ಅದನ್ನು ಕೇಳಿದ ಮಾರೆನ್‌ಹೋಲ್ಟ್ಸ್ ಎಂಬ ಕುಲೀನ ಸ್ತ್ರೀಯು ನಗಲಿಕ್ಕಲ್ಲ, ನೋಡಲಿಕ್ಕೆ ಹೋಗಿ ಅವನ ಶಿಷ್ಯಳಾದಳು. ಅವನ ತರುವಾಯ ಅನೇಕ ದೇಶಗಳಲ್ಲಿ ಈ ಕೆಲಸವನ್ನು ಹಬ್ಬಿಸಿದಳು. ಆದರೆ 1851ರ ಆಗಸ್ಟಿನಲ್ಲಿ ಪ್ರಷ್ಯದ ಸರಕಾರವು ಮಕ್ಕಳ ತೋಟಗಳು ನಾಸ್ತಿಕ್ಯವನ್ನು ಕಲಿಸುತ್ತವೆಂದು ಅವುಗಳನ್ನು ನಿಷೇಧಿಸಿತು. ಕಾರ್ಲ್ ಫ್ರೋಬೆಲ್ ಎಂಬ ಅಣ್ಣನ ಮಗನ ಬರಹಗಳ ದೋಷವನ್ನು ಚಿಕ್ಕಪ್ಪನ ತಲೆಗೆ ಕಟ್ಟಿದ್ದರು. ಆ ಅಣ್ಣನ ಮಗನು ಬೇರೆ ಯಾರೂ ಅಲ್ಲ, ಗ್ರೀಸ್‌ಹೈಮಿನ ತಂದೆಯಿಲ್ಲದ ಆ ಹುಡುಗರಲ್ಲಿ ಒಬ್ಬನು. ಮುದುಕನು ತಪ್ಪನ್ನು ತಿಳಿಸಿ ಬರೆದರೂ ಆಜ್ಞೆಯು ತಿರುಗಲಿಲ್ಲ.

1852ನೇ ಜೂನ್ 21ರಂದು ಅವನು ಮಾರಿಯೆನ್‌ಥಾಲಿನಲ್ಲಿ ಎಪ್ಪತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ನಿಷೇಧವು 1860ರಲ್ಲಿ ಎತ್ತಲ್ಪಟ್ಟಿತು. ಶ್ವೈನಾ ಎಂಬ ಹಳ್ಳಿಯಲ್ಲಿರುವ ಅವನ ಸಮಾಧಿಯ ಮೇಲೆ ಮಕ್ಕಳಿಗೆ ಅವನು ಕೊಟ್ಟ ಆಟದ ವಸ್ತುಗಳೇ ಕಲ್ಲಿನಲ್ಲಿ ನಿಂತಿವೆ: ಕೆಳಗೆ ಘನ, ಅದರ ಮೇಲೆ ಉರುಳೆ, ಎಲ್ಲಕ್ಕೂ ಮೇಲೆ ಗುಂಡು.