ಅಕ್ಷರ ಕೊಟ್ಟ ಅಕ್ಕಸಾಲಿಗ ಸೆಕ್ವೋಯಾ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ, ಶಾಲೆಯ ಮೆಟ್ಟಿಲನ್ನೇ ಹತ್ತದೆ ಇಡೀ ಜನಾಂಗಕ್ಕೆ ಅಕ್ಷರ ಕೊಟ್ಟ ಒಬ್ಬ ಮಹನೀಯರನ್ನು ಪರಿಚಯಿಸಲು ಇಷ್ಟಪಡುತ್ತೇನೆ. ಅವರೇ ಅಮೆರಿಕದ ಮೂಲನಿವಾಸಿ ಚೆರೋಕಿ ಜನಾಂಗದ ಸೆಕ್ವೋಯಾ.

ಸುಮಾರು 1770ರ ದಶಕದಲ್ಲಿ ಈಗಿನ ಟೆನೆಸ್ಸೀ ರಾಜ್ಯದ ಹಳ್ಳಿಯೊಂದರಲ್ಲಿ ಅವರು ಜನಿಸಿದರು. ಒಂದು ಕಾಲು ಊನವಾಗಿತ್ತು. ಬೆಳ್ಳಿ ಕೆಲಸ, ಕಮ್ಮಾರಿಕೆ ಅವರ ಕಸುಬು. ಇಂಗ್ಲಿಷ್ ಓದಲು ಬಾರದು. ಬಿಳಿಯರು ಕಾಗದದ ಮೇಲೆ ಬರೆದು ದೂರದವರಿಗೆ ಸುದ್ದಿ ಮುಟ್ಟಿಸುವುದನ್ನು ಕಂಡು, ನಮ್ಮ ಮಾತನ್ನೂ ಹೀಗೆ ಬರೆಯಬಹುದಲ್ಲ ಎಂದು ಯೋಚಿಸಿದರು.

1809ರ ಸುಮಾರಿಗೆ ಕೆಲಸ ಆರಂಭವಾಯಿತು. ಮೊದಲು ಒಂದೊಂದು ಪದಕ್ಕೂ ಒಂದೊಂದು ಗುರುತು ಮಾಡಿದರು. ಪದಗಳು ಮುಗಿಯಲೇ ಇಲ್ಲ. ಆಗ ಅದನ್ನು ಬಿಟ್ಟು ಮಾತಿನೊಳಗಿನ ಧ್ವನಿಗಳನ್ನು ಬಿಡಿಸತೊಡಗಿದರು. ಊರಿನವರು ಇದನ್ನು ಮಾಟವೆಂದು ಶಂಕಿಸಿದರು. ಆದರೂ ಹಟ ಬಿಡದೆ 1821ರಲ್ಲಿ 86 ಅಕ್ಷರಗಳ ಲಿಪಿ ಪೂರ್ಣಗೊಳಿಸಿದರು. ನಮ್ಮ ಕಾಗುಣಿತದಲ್ಲಿ ಕ, ಕಿ, ಕು ಎಲ್ಲಕ್ಕೂ ಮೂಲಾಕ್ಷರ ಒಂದೇ. ಅಲ್ಲಿ ಪ್ರತಿಯೊಂದಕ್ಕೂ ಬೇರೆ ಅಕ್ಷರ. ಕೆಲವು ಆಕಾರಗಳು ಇಂಗ್ಲಿಷಿನಂತಿದ್ದರೂ ಉಚ್ಚಾರಣೆಯೇ ಬೇರೆ. ಡಬ್ಲ್ಯೂನಂತೆ ಕಾಣುವ ಅಕ್ಷರವನ್ನು 'ಲ' ಎಂದು ಓದುತ್ತಾರೆ.

ಮೊದಲ ವಿದ್ಯಾರ್ಥಿನಿ ಅವರ ಪುಟ್ಟ ಮಗಳು ಅಯೋಕಾ. ಅವಳು ಓದಿದ್ದನ್ನು ಕೇಳಿ ಹಿರಿಯರಿಗೆ ನಂಬಿಕೆ ಬಂತು. ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಓದು ಕಲಿತರು. 1828ರಲ್ಲಿ 'ಚೆರೋಕಿ ಫೀನಿಕ್ಸ್' ಪತ್ರಿಕೆ ಹೊರಬಂತು.

1838-39ರಲ್ಲಿ ಸರ್ಕಾರ ಚೆರೋಕಿಗಳನ್ನು ಅವರ ನೆಲದಿಂದ ಹೊರಗಟ್ಟಿತು. ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ನೆಲ ಹೋದರೂ ಲಿಪಿ ಅವರೊಂದಿಗೆ ನಡೆಯಿತು. ಚದುರಿಹೋದ ತಮ್ಮವರನ್ನು ಹುಡುಕುತ್ತ ಮೆಕ್ಸಿಕೋಗೆ ಹೋದ ಸೆಕ್ವೋಯಾ 1843ರಲ್ಲಿ ಅಲ್ಲಿಯೇ ತೀರಿಕೊಂಡರು.

ಮುಂದೆ ವಸತಿ ಶಾಲೆಗಳಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಇಂದು ಚೆರೋಕಿ ಅಳಿವಿನಂಚಿನ ಭಾಷೆ. ಚೆನ್ನಾಗಿ ಮಾತಾಡುವವರಲ್ಲಿ ಹೆಚ್ಚಿನವರು ವೃದ್ಧರು. ಆದರೆ 1999ರಲ್ಲಿ ಆ ಲಿಪಿ ಯೂನಿಕೋಡ್ ಸೇರಿತು. ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಅದರ ಬೆಲೆ ಗೊತ್ತು. ಇಂದು ಚೆರೋಕಿ ಮಕ್ಕಳು ಮೊಬೈಲಿನಲ್ಲೇ ತಮ್ಮ ಲಿಪಿಯಲ್ಲಿ ಬರೆಯಬಹುದು. ಆದರೆ ಲಿಪಿ ಇದ್ದರಷ್ಟೇ ಸಾಲದು, ಮನೆಯಲ್ಲಿ ಮಾತೂ ಇರಬೇಕು.

ನಮ್ಮ ನಾಡಿನ ಶಾಲೆಗಳಲ್ಲೂ ಮನೆಯಲ್ಲಿ ಲಂಬಾಣಿ, ತುಳು, ಕೊಡವದಂತಹ ಭಾಷೆ ಆಡಿ ತರಗತಿಯಲ್ಲಿ ಕನ್ನಡ ಓದುವ ಮಕ್ಕಳಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ: ನಿಮ್ಮ ಅಜ್ಜಿಯ ಹಾಡು, ಗಾದೆ, ಗಿಡಮರಗಳ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿಡಿ. ಗುರುಗಳು ಅದಕ್ಕೊಂದು ನೋಟ್‌ಬುಕ್ ಮೀಸಲಿಡಿಸಲಿ. ಸೆಕ್ವೋಯಾಗೆ ಅಕ್ಷರ ಹುಡುಕಲು ಹನ್ನೆರಡು ವರ್ಷ ಬೇಕಾಯಿತು. ನಮಗೆ ಈ ಶಾಲೆ ಅದನ್ನು ಆಗಲೇ ಕೊಟ್ಟಿದೆ.