ಗಾಂಜಾವನ್ನು ತಕ್ಕಡಿಗೆ ಹಾಕಿದ ವೈದ್ಯ

ಗಾಂಜಾ ಸಾಗಿಸುತ್ತಿದ್ದವರು ಸಿಕ್ಕಿಬಿದ್ದ ಸುದ್ದಿಯಿಲ್ಲದೆ ಈಚೆಗೆ ಒಂದು ವಾರವೂ ಕಳೆಯುವುದಿಲ್ಲ. ಪರದೇಶಗಳಲ್ಲಿ ಅದು ಔಷಧವಂತೆ, ನಮ್ಮಲ್ಲಿ ಮಾತ್ರ ಏಕೆ ಅಪರಾಧ ಎಂದು ಹತ್ತನೆಯ ತರಗತಿಯ ಹುಡುಗರೇ ಕೇಳುವ ಕಾಲ ಬಂದಿದೆ. ಕೇಳಿದವರನ್ನು ಗದರಿಸಿ ಕೂರಿಸುವುದು ಸುಲಭ. ನಾವೂ ಒಮ್ಮೆ ಹಾಗೆಯೇ ಮಾಡಿದ್ದುಂಟು. ಆಮೇಲೆ ಮನಸ್ಸು ತಡೆಯದೆ ಹಳೆಯ ಗ್ರಂಥಗಳನ್ನು ತಿರುವಿದಾಗ ಎದುರಾದವನು ವಿಲಿಯಂ ಬ್ರೂಕ್ ಓಶಾನೆಸ್ಸಿ ಎಂಬ ಐರಿಷ್ ವೈದ್ಯ. ಹಿಂದಿನವರಿಗೆ ಈತನ ಹೆಸರು ಪರಿಚಿತವಾಗಿದ್ದುದು ಬೇರೊಂದು ಕಾರಣಕ್ಕೆ. ಭಾರತಕ್ಕೆ ತಂತಿ ತಂದವನು ಈತನೇ.

ಈತ ಹುಟ್ಟಿದ್ದು ಅಯರ್ಲೆಂಡಿನ ಲಿಮೆರಿಕ್ ಪಟ್ಟಣದಲ್ಲಿ, 1808ರ ಸುಮಾರಿಗೆ. ಎಡಿನ್‌ಬರೋದಲ್ಲಿ ಓದಿ 1829ರಲ್ಲಿ ವೈದ್ಯಪದವಿ ಪಡೆದ. ಲಂಡನ್ನಿಗೆ ಬಂದರೆ ಅಲ್ಲಿ ವೈದ್ಯವೃತ್ತಿ ನಡೆಸಲು ಪರವಾನಗಿ ದೊರೆಯಲಿಲ್ಲ. ಹೊಟ್ಟೆಪಾಡಿಗೆ ರಸಾಯನಶಾಸ್ತ್ರದ ಪರೀಕ್ಷೆಗಳನ್ನು ನಡೆಸುತ್ತಿದ್ದಾಗ, 1831ರಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡ್ ಬಂದರಿಗೆ ಕಾಲರಾ ಕಾಲಿಟ್ಟಿತು. ಜನ ಊರು ಬಿಡುತ್ತಿದ್ದ ಕಡೆಗೆ ಈ ತರುಣ ತಾನಾಗಿ ಹೋದ. ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕ್ಷಾರವೂ ಕಡಿಮೆಯಾಗಿವೆ, ಕಳೆದುಹೋದುದನ್ನು ಮರಳಿ ತುಂಬಿದರೆ ಜೀವ ಉಳಿದೀತು ಎಂದು ತೋರಿಸಿದ. ಮರುವರ್ಷ ಥಾಮಸ್ ಲಟ್ಟಾ ಎಂಬ ವೈದ್ಯ ಅದನ್ನೇ ಆಧಾರವಾಗಿಟ್ಟುಕೊಂಡು ರೋಗಿಯ ರಕ್ತನಾಳಕ್ಕೆ ಉಪ್ಪುನೀರನ್ನು ಹರಿಸಿದ. ಇಂದು ಆಸ್ಪತ್ರೆಗಳಲ್ಲಿ ಮಂಚದ ಪಕ್ಕ ತೂಗುವ ಸಲೈನ್ ಬಾಟಲಿಯ ಮೂಲ ಅಲ್ಲಿದೆ. ಇಷ್ಟಾದರೂ ಈತನಿಗೆ ಲಂಡನ್ನಿನಲ್ಲಿ ನೆಲೆ ಸಿಗಲಿಲ್ಲ. 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸಹಾಯಕ ವೈದ್ಯನ ಕೆಲಸ ಹಿಡಿದು ಕಲ್ಕತ್ತೆಯ ಹಡಗು ಹತ್ತಿದ.

1835ರಲ್ಲಿ ಕಲ್ಕತ್ತೆಯಲ್ಲಿ ಮೆಡಿಕಲ್ ಕಾಲೇಜು ಆರಂಭವಾದಾಗ ರಸಾಯನಶಾಸ್ತ್ರದ ಅಧ್ಯಾಪಕನಾಗಿ ನೇಮಕಗೊಂಡ. ಸೀಮೆಯಿಂದ ಬರುವ ಔಷಧಗಳು ದುಬಾರಿ. ಹಡಗಿನಲ್ಲಿ ತಿಂಗಳುಗಟ್ಟಲೆ ಇದ್ದು ಕೆಟ್ಟುಹೋಗುತ್ತಿದ್ದುದೂ ಉಂಟು. ಈ ದೇಶದ ಮೂಲಿಕೆಗಳನ್ನೇ ಪರೀಕ್ಷಿಸಿ ನೋಡಬಾರದೇಕೆ ಎಂದು ಹೊರಟವನ ಕಣ್ಣಿಗೆ ಬಿದ್ದುದು ಭಂಗಿ. ಪೇಟೆಯಲ್ಲಿ ಅದಕ್ಕೆ ಮೂರು ರೂಪ: ಎಲೆಯಾದರೆ ಭಂಗಿ, ಹೂತ ತೆನೆಯಾದರೆ ಗಾಂಜಾ, ಗಿಡದ ಅಂಟಾದರೆ ಚರಸ್. ಅದೇನೂ ಕದ್ದು ಮಾರುವ ಸರಕಾಗಿರಲಿಲ್ಲ. ಬಂಗಾಳದಲ್ಲಿ 1793ರಿಂದಲೇ ಲೈಸೆನ್ಸು ಪಡೆದು ಕರ ತೆತ್ತು ಮಾರುವ ಪದ್ಧತಿಯಿತ್ತು. ಆದರೆ ಸರಕಾರ ನೋಡುತ್ತಿದ್ದುದು ಬೊಕ್ಕಸಕ್ಕೆ ಬರುವ ಹಣವನ್ನು. ಎಷ್ಟು ತಿಂದರೆ ಗುಣ, ಎಷ್ಟು ತಿಂದರೆ ಕೇಡು ಎಂದು ಅಳೆದು ನೋಡಲು ಕಂಪೆನಿಯ ಕಚೇರಿಗೆ ಏನು ಅಗತ್ಯ?

ಓಶಾನೆಸ್ಸಿ ಅಳೆಯತೊಡಗಿದ. ಮೊದಲು ಪಂಡಿತರನ್ನೂ ಹಕೀಮರನ್ನೂ ವಿಚಾರಿಸಿದ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಏನಿದೆಯೆಂದು ತಿಳಿಸಿಕೊಟ್ಟವರಲ್ಲಿ ಪಂಡಿತ ಮಧುಸೂದನ ಗುಪ್ತರೂ ಒಬ್ಬರು. ಅದೇ ಕಾಲೇಜಿನಲ್ಲಿ ಶವಚ್ಛೇದನಕ್ಕೆ ಮುಂದಾಗಿ ಹೆಸರಾದವರು ಅವರು. ಈ ನೆರವನ್ನು ಓಶಾನೆಸ್ಸಿ ತನ್ನ ಪ್ರಬಂಧದಲ್ಲಿ ಹೆಸರು ಹೇಳಿ ಸ್ಮರಿಸಿದ್ದಾನೆ. ಆ ಕಾಲದ ಬಿಳಿಯರಲ್ಲಿ ಎಲ್ಲರೂ ಹಾಗೆ ಮಾಡುತ್ತಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು.

ಆಮೇಲೆ ಪ್ರಾಣಿಗಳ ಸರದಿ. ಒಂದು ನಾಯಿಗೆ ನೇಪಾಳದ ಚರಸ್ಸನ್ನು ಹತ್ತು ಗ್ರೇನ್ ತೂಗಿ ಕೊಟ್ಟ. ಅರ್ಧ ಗಂಟೆಯಲ್ಲಿ ಅದು ತೂಕಡಿಸುತ್ತ, ನಡುನಡುವೆ ಸಂತೋಷದಿಂದ ಬಾಲವಾಡಿಸುತ್ತ ಬಿದ್ದುಕೊಂಡಿತು, ಊಟವಿಟ್ಟರೆ ಗಬಗಬನೆ ತಿಂದಿತು, ನಡೆದರೆ ತೂರಾಡಿತು, ಆರು ಗಂಟೆ ಕಳೆಯುವಷ್ಟರಲ್ಲಿ ಎಂದಿನಂತಾಯಿತು. ಬೆಕ್ಕು, ಹಂದಿ, ರಣಹದ್ದು, ಕಾಗೆ, ಮೀನು, ಯಾವುದನ್ನೂ ಬಿಡಲಿಲ್ಲ. ಮಾಂಸ ತಿನ್ನುವ ಪ್ರಾಣಿಗಳಿಗೆ ಬೇಗ ಅಮಲೇರುತ್ತದೆ, ಹುಲ್ಲು ತಿನ್ನುವ ಹಸು, ಆಡು, ಕುದುರೆಗಳಿಗೆ ಅಷ್ಟಾಗಿ ನಾಟುವುದಿಲ್ಲ ಎಂಬುದು ಈತ ಕಂಡುಕೊಂಡ ವಿಚಿತ್ರ. ಯಾವ ಪ್ರಾಣಿಯೂ ಸಾಯದಿದ್ದುದನ್ನು ಕಂಡ ಮೇಲೆಯೇ ಮನುಷ್ಯರ ಕಡೆಗೆ ತಿರುಗಿದ.

1838ರ ನವೆಂಬರಿನಲ್ಲಿ ಸಂಧಿವಾತದ ಮೂವರು ರೋಗಿಗಳಿಗೆ ಅದರ ಅಂಟನ್ನು ಒಂದೊಂದು ಗ್ರೇನಿನಂತೆ ಕೊಡಲಾಯಿತು. ಒಬ್ಬ ಖುಷಿಯಿಂದ ಹಾಡಿದ, ಮಾತಾಡಿದ, ಹಸಿವೆಂದ. ಆಮೇಲೆ ಅವನ ಕೈಯನ್ನು ಮೇಲೆತ್ತಿದರೆ ಎತ್ತಿದಲ್ಲೇ ಗೊಂಬೆಯಂತೆ ನಿಲ್ಲುತ್ತಿತ್ತು, ಕರೆದರೆ ಪ್ರಜ್ಞೆಯಿಲ್ಲ. ಆಸ್ಪತ್ರೆಯಲ್ಲಿ ಗಾಬರಿ ಎದ್ದಿತು. ಬೆಳಗಾಗುವುದರೊಳಗೆ ಎಲ್ಲರೂ ಸರಿಹೋದರು. ಅಳತೆ ಒಂದೇ, ಪರಿಣಾಮ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಮುಂದೆ ಅಳತೆಯನ್ನು ಇಳಿಸಿದ. ನಮ್ಮ ಹುಡುಗರಿಗೆ ನಾವು ಓದಿ ಹೇಳಬೇಕಾದ ಭಾಗ ಯಾವುದೆಂದು ಕೇಳಿದರೆ ಈ ಮೂವರ ಕಥೆಯನ್ನೇ ಆರಿಸುತ್ತೇವೆ.

ಹುಚ್ಚುನಾಯಿ ಕಡಿದ ಹಕೀಮನೊಬ್ಬನಿಗೆ ಕೊಟ್ಟಾಗ ಆತ ಉಳಿಯಲಿಲ್ಲ, ಆದರೆ ಕೊನೆಯ ದಿನಗಳ ಯಾತನೆ ಬಹಳ ತಗ್ಗಿತು. ಧನುರ್ವಾಯುವಿನಲ್ಲಿ ದೇಹ ಬಿಲ್ಲಿನಂತೆ ಬಾಗಿದ್ದ ರೋಗಿಗಳಲ್ಲಿ ಕೆಲವರು ಬದುಕಿದರು. ಕಲ್ಕತ್ತೆಯ ಆಂಗ್ಲ ದಂಪತಿಗಳ ನಲವತ್ತು ದಿನದ ಹೆಣ್ಣು ಶಿಶುವಿಗೆ ಸೆಳೆತ ನಿಲ್ಲದೆ ಬರುತ್ತಿತ್ತು. ಬೇರೆ ಎಲ್ಲ ಚಿಕಿತ್ಸೆಯೂ ಸೋತ ಮೇಲೆ ಗಾಂಜಾದ ಟಿಂಚರನ್ನು ತೊಟ್ಟಿನ ಲೆಕ್ಕದಲ್ಲಿ ನಾಲಗೆಗೆ ಹಾಕಿ, ನೋಡಿ ನೋಡಿ ಏರಿಸಿದ. ಮಗು ಉಳಿಯಿತು, ಮೈ ತುಂಬಿಕೊಂಡು ಬೆಳೆಯಿತು. ಸದಾ ಸೇದುವವರಿಗೆ ಹಿಡಿಯುವ ಚಿತ್ತಭ್ರಮೆಯನ್ನೂ ಈತ ಅದೇ ಪ್ರಬಂಧದಲ್ಲಿ ಬರೆದಿಟ್ಟ. ಅದು 1839ರಲ್ಲಿ ಪ್ರಕಟವಾಯಿತು.

1841ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗುವಾಗ ಗಾಂಜಾವನ್ನು ಜೊತೆಗೆ ಒಯ್ದ. ಲಂಡನ್ನಿನ ಪೀಟರ್ ಸ್ಕ್ವಯರ್ ಎಂಬ ಔಷಧಿ ವ್ಯಾಪಾರಿ ಅದರಿಂದ ಸತ್ತ್ವ ತೆಗೆದು ಮಾರಾಟಕ್ಕಿಟ್ಟ. 1843ರಲ್ಲಿ ಓಶಾನೆಸ್ಸಿ ರಾಯಲ್ ಸೊಸೈಟಿಯ ಸದಸ್ಯನಾದ. ಯುರೋಪು, ಅಮೆರಿಕಗಳ ಔಷಧಿ ಅಂಗಡಿಗಳಲ್ಲಿ ಗಾಂಜಾದ ಟಿಂಚರು ನೂರು ವರ್ಷಗಳ ಕಾಲ ಕಪಾಟಿನಲ್ಲಿತ್ತು. ವಿಕ್ಟೋರಿಯಾ ರಾಣಿಯೂ ಅದನ್ನು ಸೇವಿಸುತ್ತಿದ್ದಳೆಂದು ಕೆಲವರು ಬರೆಯುವುದುಂಟು, ಅದಕ್ಕೆ ಆಧಾರವಿಲ್ಲ.

ಇದಾದ ಮೇಲೆ ಈತನ ಬಾಳು ಬೇರೆ ದಾರಿ ಹಿಡಿಯಿತು. 1839ರಲ್ಲಿಯೇ ಕಲ್ಕತ್ತೆಯ ಸಸ್ಯೋದ್ಯಾನದ ಬಳಿ ಬಿದಿರುಗಳಿಗೆ 21 ಮೈಲಿ ತಂತಿ ಸುತ್ತಿ ವಿದ್ಯುತ್ ಸಂಕೇತ ಕಳುಹಿಸಿದ್ದನಾದರೂ ಸರಕಾರ ಕಿವಿಗೊಟ್ಟಿರಲಿಲ್ಲ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದ ಮೇಲೆ ಗಾಳಿ ತಿರುಗಿತು. 1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ತಂತಿ ಎಳೆದರು; ಅಲ್ಲಿ ಈತನ ಬಲಗೈಯಾಗಿ ದುಡಿದವನು ಶಿವಚಂದ್ರ ನಂದಿ. 1854ರ ಮಾರ್ಚಿನಲ್ಲಿ ಆಗ್ರಾಕ್ಕೆ ಸಂದೇಶ ತಲಪಿತು. ಮರುವರ್ಷ ಮುಂಬಯಿ, ಮದರಾಸುಗಳು ಸೇರಿ ಜನಸಾಮಾನ್ಯರಿಗೂ ತಂತಿ ತೆರೆಯಿತು. 1856ರಲ್ಲಿ ಸರ್ ಪದವಿ ಬಂತು. ನಮ್ಮ ಮನೆಗಳಲ್ಲಿ ತಂತಿ ಬಂತೆಂದರೆ ಒಡೆಯುವ ಮೊದಲೇ ಹೆಂಗಸರು ಅಳತೊಡಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. 2013ರ ಜುಲೈ 15ರಂದು ಆ ಸೇವೆ ನಿಂತಿತು.

ಭಾರತ ಬಿಟ್ಟು ಊರಿಗೆ ಮರಳಿದ ಓಶಾನೆಸ್ಸಿ 1861ರಲ್ಲಿ ಹೆಸರನ್ನೇ ಬದಲಿಸಿಕೊಂಡು ಬ್ರೂಕ್ ಎನಿಸಿಕೊಂಡ. ಇಂಗ್ಲೆಂಡಿನ ಸೌತ್‌ಸೀಯಲ್ಲಿ 1889ರ ಜನವರಿಯಲ್ಲಿ ತೀರಿಕೊಂಡ.

ಆತ ಅಳೆದ ವಸ್ತುವಿನ ತಂಟೆ ಮಾತ್ರ ತೀರಲಿಲ್ಲ. ಗಾಂಜಾ ಭಾರತದ ಹುಚ್ಚಾಸ್ಪತ್ರೆಗಳನ್ನು ತುಂಬಿಸುತ್ತಿದೆಯೆಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕೂಗೆದ್ದು, 1893ರಲ್ಲಿ ಏಳು ಸದಸ್ಯರ ಆಯೋಗ ನೇಮಕವಾಯಿತು. ಮೂವರು ಭಾರತೀಯರೂ ಅದರಲ್ಲಿದ್ದರು. 1,193 ಸಾಕ್ಷಿಗಳನ್ನು ವಿಚಾರಿಸಿದರು. ಆಸ್ಪತ್ರೆಯ ದಾಖಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಹುಚ್ಚಿಗೆ ಕಾರಣ ಗಾಂಜಾ ಎಂದು ಎಷ್ಟೋ ಕಡೆ ವಿಚಾರಿಸದೆಯೇ ಬರೆದುಬಿಟ್ಟಿದ್ದರು! ಮಿತವಾದ ಬಳಕೆಯಿಂದ ಹೆಚ್ಚು ಹಾನಿಯಿಲ್ಲ, ಅತಿಯಾದರೆ ಹಾನಿಯುಂಟು, ನಿಷೇಧಕ್ಕಿಂತ ಕರ, ಲೈಸೆನ್ಸು, ಅಂಗಡಿಗಳ ಮಿತಿ, ಒಬ್ಬರು ಇಟ್ಟುಕೊಳ್ಳಬಹುದಾದ ಪ್ರಮಾಣದ ಮಿತಿ ಮೇಲು ಎಂದು ಆಯೋಗ ವರದಿ ಕೊಟ್ಟಿತು. ಆದರೆ ಟಿಂಚರಿಗೆ ಒಳಶತ್ರುವಿತ್ತು. ಒಂದು ಬಾಟಲಿ ತೀಕ್ಷ್ಣ, ಇನ್ನೊಂದು ಸಪ್ಪೆ. ಯಾವುದರಲ್ಲಿ ಎಷ್ಟು ಬಲವಿದೆಯೆಂದು ತಿಳಿಯುವ ಉಪಾಯವಿರಲಿಲ್ಲ. 1932ರಲ್ಲಿ ಬ್ರಿಟನ್ನಿನ ಔಷಧಕೋಶದಿಂದಲೂ 1942ರಲ್ಲಿ ಅಮೆರಿಕದ ಕೋಶದಿಂದಲೂ ಅದು ಹೊರಬಿತ್ತು. ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ದ್ರವ್ಯವನ್ನು ಶುದ್ಧವಾಗಿ ಬೇರ್ಪಡಿಸಿದ್ದು 1964ರಲ್ಲಿ, ಇಸ್ರೇಲಿನಲ್ಲಿ.

ನಮ್ಮ 1985ರ ಮಾದಕದ್ರವ್ಯ ಕಾಯಿದೆ ಹೂತೆನೆಯನ್ನೂ ಅಂಟನ್ನೂ ನಿಷೇಧಿಸಿತು. ತೆನೆಯಿಲ್ಲದ ಬರಿಯ ಎಲೆಯನ್ನೂ ಬೀಜವನ್ನೂ ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ವಿಜಯಾ ಎಂಬ ಹೆಸರಿನಲ್ಲಿ ಈಗ ಮಾರಾಟವಾಗುವ ಆಯುರ್ವೇದದ ಎಣ್ಣೆಗಳು ಬಂದಿರುವುದು ಈ ಬಾಗಿಲಿನಿಂದ. ಅವು ವಿಷದ್ರವ್ಯಗಳ ಪಟ್ಟಿಗೆ ಸೇರಿದವು; ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆ ಚೀಟಿಯ ಮೇಲೆ ಇರಲೇಬೇಕು. ಗಿಡದ ಬೀಜವನ್ನು ಆಹಾರವಾಗಿ ಮಾರಲು 2021ರಲ್ಲಿ ಒಪ್ಪಿಗೆ ದೊರೆತಾಗಲೂ ಟಿಎಚ್‌ಸಿ ಕಿಲೋವೊಂದಕ್ಕೆ 5 ಮಿಲಿಗ್ರಾಂ ಮೀರಬಾರದೆಂದು ಗೊತ್ತುಪಡಿಸಲಾಯಿತು.

2018ರಲ್ಲಿ ಅಮೆರಿಕದ ಔಷಧ ಇಲಾಖೆ ಅದೇ ಗಿಡದಿಂದ ತೆಗೆದ, ಅಮಲೇರಿಸದ ಕ್ಯಾನಬಿಡಿಯಾಲ್ ಎಂಬ ದ್ರವ್ಯಕ್ಕೆ ಅನುಮತಿ ನೀಡಿತು. ಮಕ್ಕಳನ್ನು ಕಾಡುವ ಕಠಿನ ಜಾತಿಯ ಅಪಸ್ಮಾರಕ್ಕೆ ಅದು ಮದ್ದು. ಮಗುವಿನ ತೂಕ ನೋಡಿ ಮಿಲಿಗ್ರಾಮಿನ ಲೆಕ್ಕದಲ್ಲಿ ಕೊಡುತ್ತಾರೆ. ಆರಂಭಿಸುವ ಮೊದಲೂ ಆಮೇಲೂ ಯಕೃತ್ತಿನ ಪರೀಕ್ಷೆ ಮಾಡಿಸಬೇಕು. ಮೊದಲು ಎರಡು ವರ್ಷ ತುಂಬಿದ ಮಕ್ಕಳಿಗೆ, 2020ರಿಂದ ಒಂದು ವರ್ಷ ತುಂಬಿದವರಿಗೆ. ನಲವತ್ತು ದಿನದ ಶಿಶುವಿಗೆ ಕೊಡಲು ಆ ಅನುಮತಿಯಲ್ಲಿ ಅವಕಾಶವಿಲ್ಲ.