'ರೆಬೆಕ್ಕಾ' ಬರೆದ ಡಾಫ್ನೆ: ಗಂಡನ ಹಳೇ ಪ್ರೇಮದಿಂದ ಹುಟ್ಟಿದ ಥ್ರಿಲ್ಲರ್

ವಹೀದಾ ರೆಹಮಾನ್ ಅಭಿನಯದ 1964ರ ಹಿಂದಿ ಚಿತ್ರ 'ಕೊಹ್ರಾ' ನೋಡಿದ್ದೀರಾ? ದೊಡ್ಡ ಬಂಗಲೆಗೆ ಎರಡನೇ ಹೆಂಡತಿಯಾಗಿ ಬರುವ ಹುಡುಗಿ, ಸತ್ತರೂ ಮನೆ ಬಿಡದ ಮೊದಲ ಹೆಂಡತಿಯ ನೆರಳು, ಏನನ್ನೋ ಮುಚ್ಚಿಡುವ ಗಂಡ. ಈ ಕಥೆಯ ಮೂಲ 1938ರ ಇಂಗ್ಲಿಷ್ ಕಾದಂಬರಿ 'ರೆಬೆಕ್ಕಾ'. ಬರೆದವರು ಡಾಫ್ನೆ ಡು ಮಾರಿಯೆ.

1907ರ ಮೇ 13ರಂದು ಲಂಡನ್‌ನಲ್ಲಿ ಹುಟ್ಟಿದ ಡಾಫ್ನೆ, ಖ್ಯಾತ ನಟ ಜೆರಾಲ್ಡ್ ಡು ಮಾರಿಯೆ ಅವರ ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವರು. ಅಪ್ಪನಿಗೆ ಗಂಡುಮಗು ಬೇಕಿತ್ತು. ಮಗಳು ಎರಿಕ್ ಏವನ್ ಎಂಬ ಹುಡುಗನನ್ನು ಕಲ್ಪಿಸಿಕೊಂಡು ಅವನಾಗಿಯೇ ಆಡುತ್ತಿದ್ದಳು. ತನ್ನೊಳಗೊಬ್ಬ ಹುಡುಗ ಅಡಗಿದ್ದಾನೆ ಎಂಬ ಭಾವನೆ ದೊಡ್ಡವರಾದ ಮೇಲೂ ಅವರನ್ನು ಬಿಡಲಿಲ್ಲ.

ಮದುವೆಯಾದದ್ದು ಸಿನಿಮಾದಂತೆಯೇ. 1931ರಲ್ಲಿ ಬಂದ ಅವರ ಮೊದಲ ಕಾದಂಬರಿ ಓದಿ ಮರುಳಾದ ಸೇನಾಧಿಕಾರಿ ಫ್ರೆಡರಿಕ್ ಬ್ರೌನಿಂಗ್, ದೋಣಿ ಏರಿ ಕಾರ್ನ್‌ವಾಲ್ ಕರಾವಳಿಗೆ ಹುಡುಕಿಕೊಂಡು ಬಂದರು. 1932ರಲ್ಲಿ ಮದುವೆ. ಆದರೆ ಬ್ರೌನಿಂಗ್‌ಗೆ ಅದಕ್ಕೂ ಮೊದಲು ಜಾನ್ ರಿಕಾರ್ಡೋ ಎಂಬ ಚೆಲುವೆಯೊಂದಿಗೆ ನಿಶ್ಚಿತಾರ್ಥವಾಗಿ ಮುರಿದಿತ್ತು. ಆಕೆಯ ಹಳೇ ಪತ್ರಗಳು ಡಾಫ್ನೆ ಕಣ್ಣಿಗೆ ಬಿದ್ದವು. ಗಂಡನ ಮನಸ್ಸಿನಲ್ಲಿ ಇನ್ನೂ ಅವಳೇ ಇದ್ದಾಳೆಯೇ ಎಂಬ ಅನುಮಾನ ಹೊಕ್ಕಿತು.

1937ರಲ್ಲಿ ಗಂಡನ ಕೆಲಸದ ನಿಮಿತ್ತ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದರು. ಮಕ್ಕಳು ಇಂಗ್ಲೆಂಡಿನಲ್ಲಿ. ಬಿಸಿಲು, ಅಧಿಕಾರಿಯ ಹೆಂಡತಿಯಾಗಿ ನಡೆಸಬೇಕಾದ ಔತಣಕೂಟ, ಎರಡೂ ಅವರಿಗೆ ಆಗದು. ಅಲ್ಲೇ 'ರೆಬೆಕ್ಕಾ' ಶುರುವಾಯಿತು. ಮೊದಲು ಬರೆದದ್ದನ್ನು ಹರಿದೆಸೆದು ಮತ್ತೆ ಕೂತರು. ಕಥೆ ಹೇಳುವ ಎರಡನೇ ಹೆಂಡತಿಗೆ ಹೆಸರೇ ಇಲ್ಲ. ಸರಿಯಾದ ಹೆಸರು ಹೊಳೆಯದೆ ಹಾಗೇ ಬಿಟ್ಟದ್ದಂತೆ! ಮೊದಲ ಓದಿನಲ್ಲಿ ನಾವು ಈ ಅಂಜುಬುರುಕಿಯ ಪರ. ಎರಡನೇ ಓದಿನಲ್ಲಿ ಅನುಮಾನ ಗಂಡನ ಕಡೆ ತಿರುಗುತ್ತದೆ. ದೋಣಿ ನಡೆಸುವ, ಯಾರಿಗೂ ಬಗ್ಗದ ರೆಬೆಕ್ಕಾಳಲ್ಲೂ ಡಾಫ್ನೆಯೇ ಕಾಣುತ್ತಾರೆ. ಕೊನೆ ಹೇಳುವುದಿಲ್ಲ, ಓದಿಯೇ ತಿಳಿಯಿರಿ.

1940ರಲ್ಲಿ ಹಿಚ್‌ಕಾಕ್ ಇದನ್ನು ಚಿತ್ರ ಮಾಡಿದರು, ಶ್ರೇಷ್ಠ ಚಿತ್ರದ ಆಸ್ಕರ್ ಬಂತು. ಜತೆಗೆ ಕೃತಿಚೌರ್ಯದ ಮೊಕದ್ದಮೆಯೂ ಬಂತು. 1947ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ತಮ್ಮ ಟಿಪ್ಪಣಿ ಪುಸ್ತಕವನ್ನೇ ಕೋರ್ಟಿನ ಮುಂದಿಟ್ಟು ಗೆದ್ದರು.

ಅವರು ಹೆದರಿದ್ದು 1957ರಲ್ಲಿ ಬೇರೆ ರೂಪದಲ್ಲಿ ಎದುರಾಯಿತು. ಬ್ರೌನಿಂಗ್ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದಾಗ, ಲಂಡನ್‌ನಲ್ಲಿ ಅವರಿಗೆ ಇನ್ನೊಬ್ಬಳಿದ್ದಾಳೆಂದು ಗೊತ್ತಾಯಿತು. ಅದೇ ವರ್ಷ ಬಂದ ಡಾಫ್ನೆ ಕಾದಂಬರಿ 'ದಿ ಸ್ಕೇಪ್‌ಗೋಟ್'ನಲ್ಲಿ, ಒಬ್ಬ ತನ್ನಂತೆಯೇ ಇರುವ ಇನ್ನೊಬ್ಬನ ಮನೆಗೆ ಗಂಡನಾಗಿ ಹೋಗುತ್ತಾನೆ. ಡಾಫ್ನೆ ಗಂಡನನ್ನು ಬಿಡಲಿಲ್ಲ. 1965ರಲ್ಲಿ ಬ್ರೌನಿಂಗ್ ತೀರಿಕೊಂಡರು.

ಕಾದಂಬರಿಯ ಬಂಗಲೆಗೆ ಸ್ಫೂರ್ತಿಯಾದ ಕಾರ್ನ್‌ವಾಲ್‌ನ ಮೆನಬಿಲಿ ಮನೆಯನ್ನು ಡಾಫ್ನೆ ಯೌವನದಲ್ಲಿ ಕದ್ದು ನೋಡಿದ್ದರು. 1943ರಲ್ಲಿ ಬಾಡಿಗೆಗೆ ಪಡೆದು, ದುರಸ್ತಿ ಮಾಡಿಸಿ ಸುಮಾರು 26 ವರ್ಷ ಅಲ್ಲೇ ಇದ್ದರು. 1969ರಲ್ಲಿ ಅದನ್ನು ಮಾಲೀಕರಿಗೆ ಬಿಟ್ಟುಕೊಟ್ಟು ಹತ್ತಿರದ ಕಿಲ್ಮಾರ್ತ್ ಮನೆಗೆ ಹೋದರು. 1989ರ ಏಪ್ರಿಲ್ 19ರಂದು ಅಲ್ಲಿ ನಿಧನರಾದಾಗ ಅವರಿಗೆ 81 ವರ್ಷ.